ಗೆರೆಯ ಈಚೆ, ಗೆರೆಯ ಆಚೆ: ಸಯನ್‌ನಿಂದ ನೋಡಿದ ಅಂಕಗಳ ಚರಿತ್ರೆ

ಸಯನ್ ಎಂಬ ಹೆಸರಿನ ಹಿಂದೆ ಮರಾಠಿಯ ‘ಶೀವ’ ಇದೆ. ಶೀವ ಎಂದರೆ ಊರಿನ ಎಲ್ಲೆ. ಮುಂಬಯಿ ದ್ವೀಪ ಮುಗಿದು ಸಾಷ್ಟಿ ಶುರುವಾಗುತ್ತಿದ್ದುದು ಇಲ್ಲಿಯೇ. 17ನೇ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿ ಇಲ್ಲಿನ ಗುಡ್ಡದ ಮೇಲೆ ಕೋಟೆ ಕಟ್ಟಿದ್ದು ಆಚೆಗಿದ್ದ ಪೋರ್ಚುಗೀಸರ ಮೇಲೆ ಕಣ್ಣಿಡಲಿಕ್ಕೆ. ಆ ಎಲ್ಲೆ ಅಳಿಸಿಹೋಗಿ ಬಹಳ ಕಾಲವಾಯಿತು. ಇಂದಿನ ಸಯನ್‌ನ ಹದಿನೈದು ಹದಿನಾರರ ಮಕ್ಕಳಿಗೆ ಗೊತ್ತಿರುವ ಗೆರೆ ಬೇರೆಯೇ. ಹತ್ತನೆಯ ಫಲಿತಾಂಶ ಬಂದ ಮೇಲೆ ಹನ್ನೊಂದನೆಯ ತರಗತಿಗೆ ಕಾಲೇಜುಗಳು ಪ್ರಕಟಿಸುವ ಕಟ್‌ಆಫ್ ಅದು. ಮಾಟುಂಗಾದಲ್ಲಿ 1932ರಲ್ಲಿ ಹುಟ್ಟಿದ ಸೌತ್ ಇಂಡಿಯನ್ ಎಜುಕೇಶನ್ ಸೊಸೈಟಿ 1960ರಲ್ಲಿ ಸಯನ್‌ನಲ್ಲಿ ಕಾಲೇಜು ತೆರೆದಾಗಿನಿಂದ ಸುತ್ತಲಿನ ಕನ್ನಡ, ತುಳು, ತಮಿಳು, ಕೊಂಕಣಿ ಮನೆಗಳ ಎಷ್ಟೋ ಮಕ್ಕಳು ಆ ಗೆರೆಯ ಈಚೆಗೋ ಆಚೆಗೋ ನಿಂತಿದ್ದಾರೆ.

ತರಗತಿಯಿಂದ ಅಂಕಗಳನ್ನು ಹೊರಗೆ ಹಾಕುವ ಪ್ರಯತ್ನ ಮಹಾರಾಷ್ಟ್ರದಲ್ಲಿ ನಡೆಯದೇ ಹೋಗಿಲ್ಲ. ಕಾಯ್ದೆ ಬಂತು, ಆದೇಶ ಬಂತು, ನಮೂನೆಗಳು ಬಂದವು. ಆದರೂ ಅಂಕ ಹೋಗಲಿಲ್ಲ. ಯಾಕೆ ಎಂದು ತಿಳಿಯಬೇಕಾದರೆ ಅದು ಎಲ್ಲಿಂದ ಬಂತೆಂದು ನೋಡಬೇಕು.

ಇಂಗ್ಲೆಂಡಿನಲ್ಲಿ 1862ರ ಹೊತ್ತಿಗೆ ಶಾಲೆಗಳಿಗೆ ಸರ್ಕಾರದ ಹಣ ಕೊಡುವ ಒಂದು ಹೊಸ ಲೆಕ್ಕ ಜಾರಿಗೆ ಬಂತು. ಇನ್‌ಸ್ಪೆಕ್ಟರ್ ಬಂದು ಮಕ್ಕಳ ಓದು, ಬರಹ, ಲೆಕ್ಕವನ್ನು ಪರೀಕ್ಷಿಸಬೇಕು. ಎಷ್ಟು ಮಕ್ಕಳು ಪಾಸೋ ಅಷ್ಟು ಹಣ. ಅದೇ ದಶಕದಲ್ಲಿ ಮುಂಬಯಿ ಪ್ರಾಂತ್ಯದ ಅನುದಾನಿತ ಶಾಲೆಗಳಿಗೂ ಈ ಪದ್ಧತಿ ಬಂತು. ಮಗುವಿನ ಪಾಸು ಶಾಲೆಯ ಆದಾಯವಾಯಿತು. ಇನ್ನೊಂದು ಕಡೆ, 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯ 1859ರಲ್ಲಿ ಮೊದಲ ಮೆಟ್ರಿಕ್ಯುಲೇಶನ್ ಪರೀಕ್ಷೆ ನಡೆಸಿತು. ಮಹಾದೇವ ಗೋವಿಂದ ರಾನಡೆ ಅದರಲ್ಲಿ ಪಾಸಾದವರಲ್ಲಿ ಒಬ್ಬರು. ಕಾಲೇಜಿಗೆ ಯಾರನ್ನು ಸೇರಿಸಿಕೊಳ್ಳಬೇಕು ಎಂದು ತಿಳಿಯಲು ಹುಟ್ಟಿದ ಈ ಪರೀಕ್ಷೆ ಬೇಗನೆ ಕಚೇರಿಗಳ ನೌಕರಿಗೂ ಅಳತೆಗೋಲಾಯಿತು.

ಈ ಎರಡರಲ್ಲೂ ಮಗುವಿಗೆ ಏನು ಬಂತು, ಏನು ಬರಲಿಲ್ಲ ಎಂದು ಮಗುವಿಗೆ ತಿಳಿಸುವ ಉದ್ದೇಶವಿರಲಿಲ್ಲ. ಹಣ ಕೊಡುವವನಿಗೆ, ಬಾಗಿಲು ಕಾಯುವವನಿಗೆ ಒಂದು ಸಂಖ್ಯೆ ಬೇಕಾಗಿತ್ತು. ಅಂಕ ಬಾಗಿಲಲ್ಲಿ ಹುಟ್ಟಿ, ಆಮೇಲೆ ತರಗತಿಯ ಒಳಗೆ ಬಂದು ಕೂತಿತು. ಕನ್ನಡದ ‘ಅಂಕ’ ಶಬ್ದಕ್ಕೆ ಸಂಖ್ಯೆ, ಗುರುತು, ತೊಡೆ ಎಂಬ ಅರ್ಥಗಳ ಜೊತೆಗೆ ಕಾಳಗದ ಕಣ ಎಂಬ ಅರ್ಥವೂ ಇದೆ. ಕೋಳಿ ಅಂಕ ಕಂಡ ತುಳುನಾಡಿನವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಗೆರೆಯನ್ನು ಬರೀ ದೂರಿದರೆ ಅರ್ಧ ಕಥೆ ಬಿಟ್ಟಂತೆ. ಕಳೆದ ಶತಮಾನದಲ್ಲಿ ದಕ್ಷಿಣ ಕನ್ನಡದಿಂದ ಮುಂಬಯಿಗೆ ಬಂದ ಎಷ್ಟೋ ಹುಡುಗರು ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದರು. ಕೋಟೆ ಪ್ರದೇಶದ ಮೊಗವೀರ ರಾತ್ರಿ ಶಾಲೆಯಂಥವು ಹುಟ್ಟಿದ್ದೇ ಅವರಿಗಾಗಿ. ಆ ಹುಡುಗರಿಗೆ ಊರಿನಲ್ಲಿ ಜಮೀನಿರಲಿಲ್ಲ, ಮುಂಬಯಿಯಲ್ಲಿ ವಶೀಲಿ ಇರಲಿಲ್ಲ. ಎಸ್ಸೆಸ್ಸಿ ಪಾಸಾದ ಒಂದು ಕಾಗದ ಅವರನ್ನು ಮೋರಿಯಿಂದ ಮೇಜಿಗೆ, ಹೋಟೆಲಿನಿಂದ ಬ್ಯಾಂಕಿಗೆ, ಮಿಲ್ಲಿನ ಆಫೀಸಿಗೆ ದಾಟಿಸಿತು. ಉತ್ತರಪತ್ರಿಕೆ ತಿದ್ದುವವನಿಗೆ ಹುಡುಗನ ಜಾತಿ ಗೊತ್ತಿಲ್ಲ, ಅವನು ಯಾರ ಮನೆಯವನೆಂಬುದೂ ಗೊತ್ತಿಲ್ಲ. ನೂರಕ್ಕೆ ಮೂವತ್ತೈದು ಎಂದರೆ ಮೂವತ್ತೈದೇ. ಅಂಕಗಳನ್ನು ತೆಗೆಯಬೇಕು ಎಂದಾಗ ಮುಂಬಯಿಯ ತಂದೆತಾಯಿ ಹೌಹಾರುವುದಕ್ಕೆ ಈ ನೆನಪೂ ಕಾರಣ. ಸಂಖ್ಯೆ ಹೋದರೆ ಆ ಜಾಗಕ್ಕೆ ಮತ್ತೆ ವಶೀಲಿ ಬಂದೀತೆಂಬ ಭಯ ಸುಳ್ಳು ಭಯವಲ್ಲ.

ಆದರೆ ಸಂಖ್ಯೆಯ ಬೆಲೆ ತೆತ್ತವರೂ ಇದ್ದರು. ಗೆರೆ ದಾಟದವರು ‘ನಾಪಾಸು’ ಎಂಬ ಒಂದೇ ಶಬ್ದ ಹೊತ್ತು ಶಾಲೆ ಬಿಟ್ಟರು. ಯಾವುದರಲ್ಲಿ ಬಿದ್ದರು, ಯಾಕೆ ಬಿದ್ದರು ಎಂಬುದನ್ನು ಆ ಶಬ್ದ ಹೇಳುತ್ತಿರಲಿಲ್ಲ. ರಾಧಾಕೃಷ್ಣನ್ ಆಯೋಗ 1949ರಲ್ಲಿಯೇ, ವಿಶ್ವವಿದ್ಯಾಲಯಗಳಲ್ಲಿ ಒಂದೇ ಒಂದು ಸುಧಾರಣೆ ಮಾಡುವುದಾದರೆ ಅದು ಪರೀಕ್ಷೆಯದಾಗಬೇಕು ಎಂದಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಅಂಕಗಳ ಬದಲು ಶ್ರೇಣಿ ಕೊಡಿ ಎಂದಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯ ತರಗತಿಯವರೆಗೆ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಉಳಿಸಿಕೊಳ್ಳಬಾರದು, ಮೌಲ್ಯಮಾಪನ ವರ್ಷವಿಡೀ ನಡೆಯಬೇಕು ಎಂದು ವಿಧಿಸಿತು.

ಅದೇ ವರ್ಷ ಆಗಸ್ಟ್ 20ರಂದು ಮಹಾರಾಷ್ಟ್ರ ಸರ್ಕಾರ ಹೊಸ ಮೌಲ್ಯಮಾಪನದ ಆದೇಶ ಹೊರಡಿಸಿತು. ಕಲಿಯುತ್ತಿರುವಾಗಲೇ ಮಗುವನ್ನು ಗಮನಿಸುವುದು ‘ಆಕಾರಿಕ’, ಸತ್ರದ ಕೊನೆಯ ಪರೀಕ್ಷೆ ‘ಸಂಕಲಿತ’. ಕರ್ನಾಟಕದ ಶಿಕ್ಷಕರು ಇವನ್ನೇ ರೂಪಣಾತ್ಮಕ, ಸಂಕಲನಾತ್ಮಕ ಎಂದು ಕರೆಯುತ್ತಾರೆ. ಒಂದು, ಎರಡನೆಯ ತರಗತಿಗಳಲ್ಲಿ ನೂರರಲ್ಲಿ 70 ಪಾಲು ಆಕಾರಿಕಕ್ಕೆ. ಏಳು, ಎಂಟಕ್ಕೆ ಬರುವಾಗ ಅದು 40ಕ್ಕೆ ಇಳಿಯುತ್ತಿತ್ತು. ಕೊನೆಗೆ ಪ್ರಗತಿ ಪುಸ್ತಕದಲ್ಲಿ ಅಂಕದ ಬದಲು ಅ-1, ಅ-2, ಬ-1, ಬ-2 ಎಂಬ ಶ್ರೇಣಿಗಳು, ಜೊತೆಗೆ ಮಗುವಿನ ಬಗ್ಗೆ ಶಿಕ್ಷಕರು ಬರೆಯುವ ‘ವರ್ಣನಾತ್ಮಕ ನೋಂದಿ’.

ಈ ಆದೇಶದ ತಿರುಳಿದ್ದುದು ಆ ನೋಂದಿಯಲ್ಲಿ. ಶ್ರೇಣಿಯಾದರೋ ಅಂಕಕ್ಕೆ ತೊಡಿಸಿದ ಅಂಗಿ. 91ರ ಮೇಲಾದರೆ ಅ-1, 81ರಿಂದ 90 ಅ-2. ಒಂದು ಗೆರೆಯ ಜಾಗದಲ್ಲಿ ಎಂಟು ಗೆರೆಗಳಾದವು, ಅಷ್ಟೆ. ನೋಂದಿ ಹಾಗಲ್ಲ. ಭಾಗಾಕಾರದಲ್ಲಿ ಸೊನ್ನೆ ಬಂದಾಗ ಮಾತ್ರ ತಡವರಿಸುತ್ತಾಳೆ ಎಂದು ಶಿಕ್ಷಕಿ ಬರೆದರೆ, ಮರುದಿನ ಎಲ್ಲಿಂದ ಶುರುಮಾಡಬೇಕೆಂದು ಯಾರಿಗಾದರೂ ತಿಳಿಯುತ್ತದೆ. 52 ಎಂಬ ಸಂಖ್ಯೆ ಅದನ್ನು ಹೇಳಲಾರದು.

ಆದರೆ ಅಂಥ ವಾಕ್ಯ ಬರೆಯಲು ಶಿಕ್ಷಕಿ ಆ ಮಗುವನ್ನು ನೋಡಿರಬೇಕು. ಮುಂಬಯಿ ಮಹಾನಗರಪಾಲಿಕೆಯ ಶಾಲೆಗಳು ಎಂಟು ಭಾಷಾ ಮಾಧ್ಯಮಗಳಲ್ಲಿ ನಡೆಯುತ್ತವೆ. ಕನ್ನಡ ಅವುಗಳಲ್ಲೊಂದು. ಆದೇಶ ಬರುವುದು ಮರಾಠಿಯಲ್ಲಿ, ಪಾಠ ಕನ್ನಡದಲ್ಲಿ, ಮಗುವಿನ ಮನೆಮಾತು ತುಳುವೋ ಲಂಬಾಣಿಯೋ ಆಗಿರಬಹುದು. ಪ್ರತಿ ಮಗುವಿಗೆ, ಪ್ರತಿ ವಿಷಯಕ್ಕೆ, ಪ್ರತಿ ಸತ್ರಕ್ಕೆ ಬರೆಯಬೇಕು. ರಾಜ್ಯದ ಉದ್ದಗಲಕ್ಕೂ ಇದಕ್ಕೆ ಸಿಕ್ಕ ಉಪಾಯ ಒಂದೇ. ಸಿದ್ಧ ನೋಂದಿಗಳ ಪುಸ್ತಿಕೆಗಳು ಮಾರಾಟಕ್ಕೆ ಬಂದವು. ಪರಿಸರದಲ್ಲಿ ಆಸಕ್ತಿ ಇದೆ, ಗುಂಪಿನಲ್ಲಿ ಚೆನ್ನಾಗಿ ಬೆರೆಯುತ್ತಾನೆ ಎಂಬಂಥ ವಾಕ್ಯಗಳು ಪುಸ್ತಿಕೆಯಿಂದ ಪ್ರಗತಿ ಪುಸ್ತಕಕ್ಕೆ ಇಳಿದವು. ಯಾವ ಮಗುವಿಗೂ ಹೊಂದುವ ವಾಕ್ಯ ಯಾವ ಮಗುವಿನದೂ ಆಗಲಿಲ್ಲ.

ಇದು ಮಾಡಲಾಗದ ಕೆಲಸವೇನಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಅಂಕವಿಲ್ಲದೆ ನಡೆದ ಕನ್ನಡದ್ದೇ ಪ್ರಯೋಗ. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಿಕ್ಷಕರು ಪಾಠಗಳನ್ನು ಚಿತ್ರಗಳಿದ್ದ ಕಾರ್ಡುಗಳಾಗಿ ಒಡೆದು ಒಂದು ಏಣಿಯ ಮೇಲೆ ಜೋಡಿಸಿದರು. ಕಾಯಿಲೆಯಿಂದಲೋ ಕೂಲಿಯಿಂದಲೋ ತಿಂಗಳು ತಪ್ಪಿಸಿಕೊಂಡ ಮಗು ಮರಳಿ ಬಂದು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಯಾರು ಎಲ್ಲಿದ್ದಾರೆಂದು ತೋರಿಸಲು ‘ಪ್ರಗತಿ ನೋಟ’ ಎಂಬ ಪಟ್ಟಿ. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಆದರೆ ನಲಿ-ಕಲಿ ಇರುವುದು ಮೊದಲ ಮೂರು ತರಗತಿಗಳಲ್ಲಿ ಮಾತ್ರ. ಕಾಲೇಜಿನ ಬಾಗಿಲು ಅಲ್ಲಿಂದ ಬಹಳ ದೂರ.

ಸಯನ್‌ನಲ್ಲಿ ಆ ಬಾಗಿಲು ಮನೆಯ ಎದುರಿಗೇ ಇದೆ. ಆದೇಶ ಬಂದ ಆಜುಬಾಜಿನ ವರ್ಷಗಳಲ್ಲಿ ಅಲ್ಲಿ ಏನು ನಡೆಯುತ್ತಿತ್ತು? ರಾಜ್ಯ ಮಂಡಳಿಯ ಮಕ್ಕಳಿಗಿಂತ ಐಸಿಎಸ್ಸಿ, ಸಿಬಿಎಸ್ಸಿ ಮಕ್ಕಳಿಗೆ ಹೆಚ್ಚು ಅಂಕ ಸಿಗುತ್ತದೆ ಎಂಬ ದೂರಿಗೆ 2008ರಲ್ಲಿ ಸರ್ಕಾರ ಪರ್ಸೆಂಟೈಲ್ ಸೂತ್ರ ತಂದಿತು. ಬಾಂಬೆ ಹೈಕೋರ್ಟ್ ಅದನ್ನು ತಳ್ಳಿಹಾಕಿತು. 2009ರಲ್ಲಿ ರಾಜ್ಯ ಮಂಡಳಿಯವರಿಗೆ ನೂರಕ್ಕೆ 90 ಸೀಟು ಎಂದಿತು. ಅದೂ ಬಿತ್ತು. 2010ರಲ್ಲಿ ಆರು ವಿಷಯಗಳಲ್ಲಿ ಹೆಚ್ಚು ಅಂಕ ಬಂದ ಐದನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ‘ಬೆಸ್ಟ್ ಫೈವ್’ ಬಂತು. ಹೈಕೋರ್ಟಿನಲ್ಲಿ ಬಿದ್ದ ಅದು ಸುಪ್ರೀಂ ಕೋರ್ಟಿನಲ್ಲಿ ಉಳಿಯಿತು. ಒಂದೇ ಸರ್ಕಾರ ಒಂದೇ ವರ್ಷದಲ್ಲಿ ಕೆಳಗಿನ ತರಗತಿಗಳಿಗೆ ಅಂಕ ಮರೆಯಿರಿ ಎನ್ನುತ್ತಿತ್ತು, ಮೇಲಿನ ಬಾಗಿಲಲ್ಲಿ ದಶಾಂಶದವರೆಗೆ ಅಂಕಗಳಿಗಾಗಿ ಕೋರ್ಟು ಹತ್ತುತ್ತಿತ್ತು. ತಂದೆತಾಯಿ ಯಾವ ಮಾತನ್ನು ನಂಬಿದರೆಂದು ಟ್ಯೂಷನ್ ಕ್ಲಾಸುಗಳ ಬೋರ್ಡುಗಳೇ ಹೇಳುತ್ತವೆ.

ಅಂಕ ಎಷ್ಟು ಗಟ್ಟಿ ವಸ್ತು ಎಂಬುದೂ ಮುಂದೆ ಗೊತ್ತಾಯಿತು. 2018ರಲ್ಲಿ ರಾಜ್ಯದ ಎಸ್ಸೆಸ್ಸಿ ಫಲಿತಾಂಶ ಶೇ. 89.41. ಶಾಲೆಯೇ ಕೊಡುತ್ತಿದ್ದ 20 ಆಂತರಿಕ ಅಂಕಗಳನ್ನು ತೆಗೆದಾಗ, 2019ರಲ್ಲಿ ಅದು ಶೇ. 77.10ಕ್ಕೆ ಇಳಿಯಿತು. ಮರುವರ್ಷ ಆ 20 ಮರಳಿ ಬಂದವು, ಫಲಿತಾಂಶ ಶೇ. 95.30. ಕೋವಿಡ್ಡಿನ 2021ರಲ್ಲಿ ಪರೀಕ್ಷೆಯೇ ನಡೆಯಲಿಲ್ಲ. ಒಂಬತ್ತನೆಯ ತರಗತಿಯ ಅಂಕ ಮತ್ತು ಶಾಲೆಯ ಆಂತರಿಕ ಮೌಲ್ಯಮಾಪನದಿಂದ ಫಲಿತಾಂಶ ಕಟ್ಟಿದರು. ಶೇ. 99.95 ಮಕ್ಕಳು ಪಾಸು. ಗೆರೆ ಅಳಿಸಿಹೋದ ಕೂಡಲೇ ಸರ್ಕಾರ ಹನ್ನೊಂದನೆಯ ಪ್ರವೇಶಕ್ಕೆ ಹೊಸ ಪರೀಕ್ಷೆಯೊಂದನ್ನು ಘೋಷಿಸಿತು. ಆಗಸ್ಟಿನಲ್ಲಿ ಹೈಕೋರ್ಟ್ ಅದನ್ನು ರದ್ದುಮಾಡಿ ಇದ್ದ ಅಂಕಗಳ ಮೇಲೆಯೇ ಪ್ರವೇಶ ಕೊಡಿಸಿತು. ಮೂರೇ ವರ್ಷಗಳಲ್ಲಿ ಮಕ್ಕಳು ಇಷ್ಟೊಂದು ದಡ್ಡರೂ ಇಷ್ಟೊಂದು ಜಾಣರೂ ಆಗಲು ಸಾಧ್ಯವಿಲ್ಲ. ಬದಲಾದದ್ದು ಅಳತೆಗೋಲು.

2023ರಲ್ಲಿ ಮಹಾರಾಷ್ಟ್ರ ಐದು ಮತ್ತು ಎಂಟನೆಯ ತರಗತಿಗಳಿಗೆ ಪಾಸಾಗಲೇಬೇಕಾದ ವಾರ್ಷಿಕ ಪರೀಕ್ಷೆಯನ್ನು ಮರಳಿ ತಂದಿತು. ಅತ್ತ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಗುವನ್ನು ಎಲ್ಲ ದಿಕ್ಕಿನಿಂದ ನೋಡುವ ಸಮಗ್ರ ಪ್ರಗತಿ ಪತ್ರದ ಮಾತಾಡುತ್ತದೆ. ಶಿಕ್ಷಕರ ಕೈಗೆ ಮತ್ತೆ ಹೊಸ ನಮೂನೆಗಳು ಬರುತ್ತವೆ. ಅವುಗಳಲ್ಲಿ ಬರೆಯಲು ಸಮಯವಿದೆಯೇ, ಒಬ್ಬರ ಎದುರು ಎಷ್ಟು ಮಕ್ಕಳು ಕೂತಿದ್ದಾರೆ, ಬರೆದದ್ದನ್ನು ಕಾಲೇಜಿನ ಬಾಗಿಲಲ್ಲಿ ಯಾರಾದರೂ ಓದುತ್ತಾರೆಯೇ ಎಂಬ ಮೂರು ಪ್ರಶ್ನೆಗಳನ್ನು 2010ರಲ್ಲಿ ಯಾರೂ ಬಗೆಹರಿಸಲಿಲ್ಲ. ಮೊದಲ ಎರಡಕ್ಕೆ ಹಣ ಬೇಕು. ಮೂರನೆಯದಕ್ಕೆ, ವಶೀಲಿಯಿಲ್ಲದ ಹುಡುಗನಿಗೆ ಸಂಖ್ಯೆ ಕೊಟ್ಟಿದ್ದ ರಕ್ಷಣೆಯನ್ನು ಮಾತೂ ಕೊಡಬಲ್ಲದೆಂಬ ಭರವಸೆ ಬೇಕು. ಅಲ್ಲಿಯವರೆಗೆ ಸಯನ್‌ನ ಅಪ್ಪ ಅಮ್ಮ ಪ್ರಗತಿ ಪುಸ್ತಕದ ಒಳ್ಳೆಯ ಮಾತುಗಳನ್ನು ಓದಿ, ಪುಟ ತಿರುಗಿಸಿ, “ಪರ್ಸೆಂಟೇಜ್ ಎಷ್ಟು?” ಎಂದೇ ಕೇಳುತ್ತಾರೆ.