ಶೆಟ್ಟಿಹಳ್ಳಿಯ ಚರ್ಚು

ಹೊನ್ನುಹೊಳೆಯ ದಡದಲ್ಲಿರುವ ಯಳಂದೂರನ್ನು ನೋಡಿದವರು ಗೌರೀಶ್ವರ ದೇವಾಲಯದ ಬಳೆಮಂಟಪವನ್ನು ಮರೆಯಲಾರರು. ಊರಿನ ಚರಿತ್ರೆಯನ್ನು ಗುಡಿಯ ಕಲ್ಲಿನಲ್ಲಿ ಓದುವುದು ನಮಗೆ ಹೊಸ ಸಂಗತಿಯಲ್ಲ. ಕ್ರೈಸ್ತರ ಹಳ್ಳಿಗೆ ಚರ್ಚೂ ಅಂಥದೇ ಪುಸ್ತಕ. ಜ್ಞಾನಸ್ನಾನ, ವಿವಾಹ, ಉತ್ತರಕ್ರಿಯೆ ಈ ಮೂರೂ ನಡೆಯುವ ಆ ಒಂದು ಸೂರಿನಡಿಯಲ್ಲಿ ಹಲವು ತಲೆಮಾರುಗಳ ಬಾಳು ಸಾಗುತ್ತದೆ. ಅಂಥ ಒಂದು ಹಳ್ಳಿಯ ಚರ್ಚಿನ ಕಥೆಯನ್ನು ಇಂದು ಹೇಳಬಯಸುತ್ತೇವೆ.

ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತುದು 1807ರಲ್ಲಿ. ಹಿಂದೂ ಜನರ ಆಚಾರ ವ್ಯವಹಾರಗಳನ್ನು ಕುರಿತ ಅಬ್ಬೆ ದುಬೋಯ್ ಎಂಬ ಫ್ರೆಂಚ್ ಪಾದ್ರಿಯ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯವರು ಕೊಂಡುದೂ ಅದೇ ವರ್ಷ. ಫ್ರಾನ್ಸಿನ ಸೇಂಟ್ ರೆಮೇಜ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಈ ಪಾದ್ರಿ 1792ರಲ್ಲಿ ಭಾರತಕ್ಕೆ ಹೊರಟರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಮೈಸೂರು ಸೀಮೆಯಲ್ಲಿ ನೆಲೆಸಿ, ಚೆದರಿದ್ದ ಕ್ರೈಸ್ತರನ್ನು ಒಂದುಗೂಡಿಸುವ ಕಾರ್ಯವನ್ನು ಕೈಗೊಂಡರು. ನಮ್ಮವರ ಉಡುಗೆಯನ್ನೇ ಉಟ್ಟು, ನಮ್ಮವರ ಊಟವನ್ನೇ ಉಂಡು ಬಾಳಿದ ಅವರನ್ನು ಜನರು 'ದೊಡ್ಡ ಸ್ವಾಮಿಯವರು' ಎಂದು ಕರೆದರು. ಪೂರ್ಣಯ್ಯನವರ ಆಡಳಿತ ಕಾಲದಲ್ಲಿ ಸಿಡುಬಿಗೆ ದೇವಿ ಹಾಕಿಸುವ ಕೆಲಸದಲ್ಲಿಯೂ ಅವರು ಶ್ರಮಿಸಿದರು. 1823ರಲ್ಲಿ ಸ್ವದೇಶಕ್ಕೆ ಮರಳಿ, 1848ರಲ್ಲಿ ತೀರಿಕೊಂಡರು.

ಹಾಸನದ ಬಳಿಯ ಶೆಟ್ಟಿಹಳ್ಳಿಯ ಜನರು ತಮ್ಮ ಕ್ರೈಸ್ತ ನೆಲೆಯ ಮೊದಲನ್ನು ಈ ದೊಡ್ಡ ಸ್ವಾಮಿಯವರ ಹೆಸರಿಗೆ ಜೋಡಿಸುವರು. ಈಗ ಕಾಣುವ ಚರ್ಚು ಮಾತ್ರ ಅವರ ಕಾಲದ್ದಲ್ಲ. ಅವರ ಬಳಿಕ, 1860ರ ದಶಕದಲ್ಲಿ, ಫ್ರೆಂಚ್ ಪಾದ್ರಿಗಳು ಕಟ್ಟಿಸಿದುದು. ಹೇಮಾವತಿಯ ದಡದ ಈ ಹಳ್ಳಿಗೆ ಗಾಥಿಕ್ ಶೈಲಿಯ ಚೂಪುಕಮಾನುಗಳು ಸಮುದ್ರದಾಚೆಯಿಂದ ಬಂದುವು. ಜಪಮಾಲೆಯ ಮಾತೆಯ ಹೆಸರಿನ ಆ ಮಂದಿರದಲ್ಲಿ ಪ್ರಾರ್ಥಿಸಿದವರು ಮಾತ್ರ ನಮ್ಮ ನಾಡಿನ ಒಕ್ಕಲು ಮಕ್ಕಳೇ. ನೂರು ವರ್ಷಗಳಿಗೂ ಮಿಗಿಲಾಗಿ ಅದು ಊರಿನ ಹೃದಯವಾಗಿದ್ದಿತು.

ಮುಂದೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಲಾಯಿತು. 1979ರಲ್ಲಿ ಆ ಕಾರ್ಯ ಮುಗಿಯಿತು. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗಳಿಗೆ ಕಾಲುವೆಯ ನೀರು ಹರಿಯಿತು. ಅದು ಸಾಮಾನ್ಯವಾದ ಉಪಕಾರವಲ್ಲ. ಆದರೆ ಏರಿದ ನೀರು ಶೆಟ್ಟಿಹಳ್ಳಿಯನ್ನು ಮುಳುಗಿಸಿತು. ಒಕ್ಕಲುಗಳು ಬೇರೆಡೆಗೆ ಹೋಗಬೇಕಾಯಿತು. ಹೊಲವನ್ನು ಕಳೆದುಕೊಂಡವನಿಗೆ ಬೇರೊಂದು ಹೊಲ ಕೊಡಬಹುದು. ತಂದೆತಾಯಿಗಳ ಮದುವೆಯಾದ ಕಂಬದ ಸಾಲನ್ನು ಯಾರು ತಾನೇ ಕೊಡಬಲ್ಲರು?

ಮಳೆಗಾಲದಲ್ಲಿ ಚರ್ಚಿನ ಗೋಡೆಗಳು ನೀರಿನಲ್ಲಿ ಅರ್ಧ ಮುಳುಗಿ ನಿಲ್ಲುತ್ತವೆ. ಬೇಸಗೆಯಲ್ಲಿ ಬುಡದವರೆಗೂ ಕಾಣುತ್ತವೆ. ಸೂರು ಹೋಗಿದೆ. ವರ್ಷವರ್ಷವೂ ನೆನೆದು ಒಣಗುವ ಗೋಡೆ ಎಷ್ಟು ಕಾಲ ತಾಳೀತು? ದೂರದಿಂದ ಬಂದವರು ಅದರ ಚೆಲುವನ್ನು ಕಂಡು ಬೆರಗಾಗುತ್ತಾರೆ. ಬೆರಗಾಗುವುದು ತಪ್ಪಲ್ಲ; ಆದರೆ ಅಲ್ಲಿ ಒಂದು ಊರಿದ್ದಿತೆಂಬುದನ್ನು ಮರೆತರೆ ತಪ್ಪು.

ಬಳೆಮಂಟಪದ ಸುತ್ತ ಇಂದಿಗೂ ಯಳಂದೂರು ಇದೆ. ಶೆಟ್ಟಿಹಳ್ಳಿಯ ಚರ್ಚಿನ ಸುತ್ತ ಅದರ ಊರಿಲ್ಲ. ಊರೇ ಇಲ್ಲದ ಚರ್ಚಿನ ಕಥೆಯನ್ನು ಗೋಡೆಗಳು ಬಹುಕಾಲ ಹೇಳಲಾರವು. ಆ ಅಂಗಳದಲ್ಲಿ ಆಡಿ ಬೆಳೆದ ಹಿರಿಯರ ನೆನಪುಗಳನ್ನು ಅವರಿರುವಾಗಲೇ ಬರೆದಿಡಬೇಕು. ಹೇಮಾವತಿಯ ನೀರನ್ನುಣ್ಣುವ ಜಿಲ್ಲೆಗಳವರು ಆ ಹಳ್ಳಿಗೆ ತೀರಿಸಬೇಕಾದ ಋಣ ಇದೆಂದು ನಾವು ಭಾವಿಸುತ್ತೇವೆ.