ಶ್ಮಶಾನದಲ್ಲಿ ಹೇಳಿದ ಕಥೆಗಳು

ಭಯವೆಂಬುದು ದುಃಖಕರವಾದ ಭಾವವು. ಲೋಕವ್ಯವಹಾರದಲ್ಲಿ ಅದನ್ನು ಬಯಸುವವರು ಯಾರೂ ಇಲ್ಲ. ಆದರೆ ಅದೇ ಭಯವು ಕಥೆಯ ವೇಷವನ್ನು ಧರಿಸಿ ಬಂದಿತೆಂದರೆ ಆಬಾಲವೃದ್ಧರೂ ದೀಪದ ಸಮೀಪಕ್ಕೆ ಸರಿದು ಕುಳಿತು, "ಮುಂದೇನಾಯಿತು?" ಎಂದು ಕೇಳುವರು. ಭರತಮುನಿಯು ಎಣಿಸಿದ ಎಂಟು ರಸಗಳಲ್ಲಿ ಭಯಾನಕ ಬೀಭತ್ಸಗಳಿಗೂ ಸ್ಥಾನವಿರುವುದು ಆಶ್ಚರ್ಯವಲ್ಲ. ಆದರೆ ಒಂದು ಕಥೆಯಲ್ಲಿ ಭಯವನ್ನು ಹುಟ್ಟಿಸುವುದು ಸುಲಭ. ಒಂದು ಕಥಾಸಂಪುಟದ ಉದ್ದಕ್ಕೂ ಅದನ್ನು ಉಳಿಸುವುದು ಕಷ್ಟ. ಒಂದೇ ರಸವನ್ನು ಮೇಲಿಂದ ಮೇಲೆ ಮುಟ್ಟುತ್ತಿದ್ದರೆ ಅದು ಕೈಸೋಕಿದ ಹೂವಿನಂತೆ ಬಾಡುವುದೆಂದು ಆನಂದವರ್ಧನಾಚಾರ್ಯನು ಎಚ್ಚರಿಸಿದ್ದಾನೆ. ಹೀಗಿರಲು ವೇತಾಲಪಂಚವಿಂಶತಿಯು ಒಂಬೈನೂರು ವರ್ಷಗಳಿಗೂ ಮೀರಿ ಬಾಡದೆ ಉಳಿದುದು ಹೇಗೆ? ಇದೇ ಪ್ರಕೃತ ವಿಚಾರವು.

ಮೊದಲು ಇದರ ಪೂರ್ವೋತ್ತರವನ್ನು ನೋಡೋಣ. ಗುಣಾಢ್ಯನು ಪೈಶಾಚೀ ಭಾಷೆಯಲ್ಲಿ ರಚಿಸಿದನೆನ್ನುವ ಬೃಹತ್ಕಥೆಯು ಈಗ ಲುಪ್ತವಾಗಿದೆ. ಕಾಡಿನಲ್ಲಿ ಮಸಿ ದೊರೆಯದೆ ಅವನು ಸ್ವರಕ್ತದಿಂದಲೇ ಅದನ್ನು ಬರೆದನೆಂದೂ, ಸಾತವಾಹನರಾಜನು ತಿರಸ್ಕರಿಸಲು ಮೃಗಪಕ್ಷಿಗಳಿಗೆ ಓದಿ ಹೇಳುತ್ತ ಏಳರಲ್ಲಿ ಆರು ಪಾಲನ್ನು ಬೆಂಕಿಗಿಕ್ಕಿದನೆಂದೂ ಐತಿಹ್ಯವುಂಟು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಬೃಹತ್ಕಥಾಮಂಜರಿಯನ್ನೂ, 1063ರಿಂದ 1081ರ ನಡುವೆ ಸೋಮದೇವಭಟ್ಟನು ಕಥಾಸರಿತ್ಸಾಗರವನ್ನೂ ಈ ಪರಂಪರೆಯಲ್ಲಿ ಪದ್ಯರೂಪವಾಗಿ ರಚಿಸಿದರು. ವೇತಾಲಕಥೆಗಳು ಸೋಮದೇವನ ಗ್ರಂಥದ ಹನ್ನೆರಡನೆಯದಾದ ಶಶಾಂಕವತೀ ಲಂಬಕದಲ್ಲಿವೆ. ಆದರೆ ಅದೇ ಮೂಲದಿಂದ ಹೊರಟ ಬುಧಸ್ವಾಮಿಯ ಶ್ಲೋಕಸಂಗ್ರಹದ ಉಳಿದ ಭಾಗದಲ್ಲಿ ಇವು ಕಾಣುವುದಿಲ್ಲ. ಆದುದರಿಂದ ಇವು ಸ್ವತಂತ್ರವಾಗಿದ್ದು ಆಮೇಲೆ ಕಾಶ್ಮೀರದ ಕಥಾನದಿಗೆ ಬಂದು ಸೇರಿದುವೆಂದು ಊಹಿಸುವುದು ಯುಕ್ತವಾಗಿದೆ.

ಸೋಮದೇವನು ತನ್ನ ಕಾವ್ಯವನ್ನು ಅನಂತರಾಜನ ಮಹಿಷಿಯಾದ ಸೂರ್ಯಮತಿಯ ಚಿತ್ತವಿನೋದಕ್ಕಾಗಿ ಬರೆದನು. ಆ ಅರಮನೆಯಲ್ಲಿ ತಂದೆಮಕ್ಕಳ ವೈರವು ಬೆಳೆದು, 1081ರಲ್ಲಿ ಅನಂತನು ಆತ್ಮಹತ್ಯೆ ಮಾಡಿಕೊಳ್ಳಲು ರಾಣಿಯು ಚಿತೆಯೇರಿದಳೆಂದು ರಾಜತರಂಗಿಣಿಯು ಹೇಳುವುದು. ಚಿತೆಯ ಬೆಳಕಿನಲ್ಲಿ ನಡೆಯುವ ಈ ಕಥೆಗಳನ್ನು ಕೇಳಿದ ಶ್ರೋತ್ರಿಯೇ ಅಂತಹ ಅಂತ್ಯವನ್ನು ಕಂಡಳೆಂಬುದನ್ನು ನೆನೆದಾಗ ಮನಸ್ಸು ಕ್ಷಣಕಾಲ ಸ್ತಬ್ಧವಾಗುತ್ತದೆ.

ಕಥಾಸೂತ್ರವು ಸರ್ವವಿದಿತವಾದುದೇ. ಗೋದಾವರೀತೀರದ ಪ್ರತಿಷ್ಠಾನದ ತ್ರಿವಿಕ್ರಮಸೇನ ಭೂಪತಿಗೆ ಕ್ಷಾಂತಿಶೀಲನೆಂಬ ಭಿಕ್ಷುವು ಹತ್ತು ವರ್ಷಗಳ ಕಾಲ ದಿನವೂ ಒಂದೊಂದು ಫಲವನ್ನು ಅರ್ಪಿಸುತ್ತಾನೆ. ಒಂದು ದಿನ ಕಪಿಯೊಂದು ಆ ಫಲವನ್ನು ಕಚ್ಚಲು ಒಳಗಿನಿಂದ ರತ್ನವು ಉದುರುತ್ತದೆ. ಆ ಋಣಕ್ಕೆ ಕಟ್ಟುಬಿದ್ದ ರಾಜನು ಕೃಷ್ಣಚತುರ್ದಶಿಯ ರಾತ್ರಿ ಶ್ಮಶಾನಕ್ಕೆ ಹೋಗಿ, ಶಿಂಶಪಾವೃಕ್ಷದಲ್ಲಿ ತೂಗುವ ಶವವನ್ನು ಹೆಗಲಿಗೇರಿಸುತ್ತಾನೆ. ಶವದೊಳಗಿನ ವೇತಾಲನು ದಾರಿಯ ಆಯಾಸವನ್ನು ಕಳೆಯಲು ಕಥೆ ಹೇಳಿ, ಕಡೆಯಲ್ಲಿ ಒಂದು ಪ್ರಶ್ನೆಯನ್ನು ಒಡ್ಡುತ್ತಾನೆ. ಉತ್ತರವನ್ನು ತಿಳಿದೂ ಹೇಳದಿದ್ದರೆ ತಲೆಯೊಡೆಯುವುದು. ಹೇಳಿದರೆ ಶವವು ಮರಕ್ಕೆ ಮರಳುವುದು.

ಇಲ್ಲಿಯೇ ರಚನೆಯ ಗುಟ್ಟಿದೆ. ಭಯವೆಲ್ಲವೂ ಹೊರಗಿನ ಚೌಕಟ್ಟಿನಲ್ಲಿ ನಿಂತಿದೆ. ಒಳಗಿನ ಕಥೆಗಳು ನಾನಾ ಜಾತಿಯವು. ಮೊದಲನೆಯ ಕಥೆಯಲ್ಲಿ ಪದ್ಮಾವತಿಯು ಮಾತಿಲ್ಲದೆ ಸನ್ನೆಗಳಿಂದಲೇ ತನ್ನ ಊರುಕೇರಿಗಳನ್ನು ತಿಳಿಸುವಳು, ಅದು ಒಗಟು. ಮೂರನೆಯದರಲ್ಲಿ ಗಿಳಿಯೂ ಶಾರಿಕೆಯೂ ಸ್ತ್ರೀಪುರುಷರ ದೋಷಗಳ ವಿಷಯದಲ್ಲಿ ವಾದ ಹೂಡಿ ಒಂದೊಂದು ಕಥೆಯನ್ನು ಸಾಕ್ಷಿಯಾಗಿ ತರುವುವು, ಅದು ನ್ಯಾಯಸಭೆ. ಜೀಮೂತವಾಹನನ ಕಥೆಯು ತ್ಯಾಗದ ಪುರಾಣದಂತಿದೆ. ಸತ್ತ ಸಿಂಹವನ್ನು ಬದುಕಿಸಿ ಅದಕ್ಕೇ ಆಹಾರವಾದ ವಿದ್ಯಾವಂತರ ಕಥೆಯು ಪರಿಹಾಸ. ಪ್ರತಿಯೊಂದು ಕಥೆಯಲ್ಲಿಯೂ ನಾವು ಶ್ಮಶಾನವನ್ನು ಮರೆಯುತ್ತೇವೆ. ಪ್ರಶ್ನೆ ಬಂದೊಡನೆ ಹೆಗಲ ಮೇಲಿನ ಹೆಣವು ನೆನಪಾಗುತ್ತದೆ. ಮರೆತು ಮತ್ತೆ ನೆನೆದ ಭಯವು ಪ್ರತಿಸಲವೂ ಹೊಸದು. ಆಚಾರ್ಯನ ಹೂವು ಬಾಡದಿರುವುದು ಹೀಗೆ.

ಈ ಬಹುರೂಪತೆಯಿಂದಲೇ ಗ್ರಂಥವು ದೇಶದೇಶಗಳಲ್ಲಿ ವೇಷವನ್ನು ಬದಲಿಸಿಕೊಂಡಿತು. ಶಿವದಾಸನು ನಮ್ಮ ಚಂಪುವನ್ನು ನೆನಪಿಗೆ ತರುವಂತೆ ಗದ್ಯಪದ್ಯಗಳನ್ನು ಬೆರೆಸಿದನು. ಜಂಭಲದತ್ತನು ಗದ್ಯವನ್ನೇ ಹಿಡಿದನು. ಟಿಬೆಟ್ಟು ಮಂಗೋಲಿಯಗಳಲ್ಲಿ ಪ್ರಶ್ನೋತ್ತರವು ಹೋಗಿ, ಹೆಣವನ್ನು ಹೊತ್ತವನು ಕಥೆಯ ಸೊಗಸಿಗೆ ಬೆರಗಾಗಿ ಬಾಯಿಬಿಟ್ಟರೆ ಸಾಕು, ಅದು ಹಾರಿಹೋಗುವುದೆಂಬ ನಿಯಮವು ಬಂದಿತು. 1805ರಲ್ಲಿ ಕಲಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬೈತಾಲ್ ಪಚ್ಚೀಸಿಯು ಸಿದ್ಧವಾಯಿತು. 1870ರಲ್ಲಿ ರಿಚರ್ಡ್ ಬರ್ಟನ್ನನು ತನ್ನ ಇಚ್ಛಾನುಸಾರವಾಗಿ ಅದನ್ನು ಇಂಗ್ಲಿಷಿಗೆ ಇಳಿಸಿದನು. ತಲೆಗಳು ಅದಲುಬದಲಾದ ಆರನೆಯ ಕಥೆಯು 1940ರಲ್ಲಿ ಥಾಮಸ್ ಮಾನ್‌ನ ಜರ್ಮನ್ ಕೃತಿಯಾಗಿ, ಅಲ್ಲಿಂದ 1971ರಲ್ಲಿ ಗಿರೀಶ ಕಾರ್ನಾಡರ 'ಹಯವದನ'ವಾಗಿ ಕನ್ನಡ ರಂಗಭೂಮಿಯನ್ನು ಏರಿತು. 1947ರಲ್ಲಿ ಆರಂಭವಾಗಿ ಮುಂದೆ ಕನ್ನಡದಲ್ಲಿಯೂ ಬಂದ 'ಚಂದಮಾಮ'ದಲ್ಲಿ ಹೆಣಹೊತ್ತ ವಿಕ್ರಮನ ಚಿತ್ರವನ್ನು ನೋಡದೆ ಬೆಳೆದವರು ನಮ್ಮ ಪೀಳಿಗೆಯಲ್ಲಿ ವಿರಳ.

ಇಂತಹ ಕಥೆಗಳು ಮಕ್ಕಳಿಗೆ ಸಲ್ಲವೆಂಬ ಆಕ್ಷೇಪವುಂಟು. ಈ ಲೇಖಕನು ಉಪಾಧ್ಯಾಯನಾಗಿದ್ದಾಗ ಮೇಲಧಿಕಾರಿಗಳೊಬ್ಬರು, "ನೀತಿಯನ್ನು ಇಟ್ಟುಕೊಳ್ಳಿ, ಹೆಣವನ್ನು ಬಿಡಿ" ಎಂದು ಸಲಹೆಯಿತ್ತರು. ವಿಧೇಯನಾಗಿ ಹಾಗೆಯೇ ಮಂದಾರವತಿಯ ಕಥೆಯನ್ನು ಹೇಳಿದೆನು. ಮೃತಳಾದ ಕನ್ಯೆಯ ಬೂದಿಯ ಮೇಲೆ ಮಲಗಿದವನೊಬ್ಬ, ಅಸ್ಥಿಯನ್ನು ಗಂಗೆಗೆ ಒಯ್ದವನೊಬ್ಬ, ಮಂತ್ರದಿಂದ ಬದುಕಿಸಿದವನೊಬ್ಬ; ಇವರಲ್ಲಿ ಪತಿ ಯಾರು? ಹುಡುಗರು ಉತ್ತರವನ್ನು ಬರೆದುಕೊಂಡು ಪುಸ್ತಕವನ್ನು ಮುಚ್ಚಿದರು. ಮರುವರ್ಷ ಚತುರ್ದಶಿಯ ಕತ್ತಲೆಯಿಂದಲೇ ಕಥೆಯನ್ನು ಆರಂಭಿಸಿದೆನು. ಗಂಟೆ ಬಾರಿಸಿದರೂ ತರಗತಿಯ ವಾದವು ನಿಲ್ಲಲಿಲ್ಲ. ಬದುಕಿಸಿದವನು ತಂದೆ, ಅಸ್ಥಿಯನ್ನು ಒಯ್ದವನು ಮಗ, ಬೂದಿಯನ್ನು ಬಿಡದವನೇ ಪತಿ ಎಂಬ ರಾಜನ ತೀರ್ಪನ್ನು ಹೇಳಿದಾಗ ಒಬ್ಬ ಬಾಲಕನು, "ಆಕೆಯನ್ನು ಏಕೆ ಕೇಳಲಿಲ್ಲ?" ಎಂದನು. ನನ್ನಲ್ಲಿ ಉತ್ತರವಿರಲಿಲ್ಲ. ತಲೆಯೊಡೆಯುವ ಭಯವಿಲ್ಲದ ಕಡೆ ಪ್ರಶ್ನೆಯು ಪರೀಕ್ಷೆಯಾಗುತ್ತದೆ. ಇದ್ದ ಕಡೆ ಅದು ಧರ್ಮವಿಚಾರವಾಗುತ್ತದೆಂದು ಅಂದು ತಿಳಿದುಕೊಂಡೆನು.

ರಾಜನಿಗೂ ಒಮ್ಮೆ ಹೀಗೆಯೇ ಆಯಿತು. ತಂದೆಯು ಮಗಳನ್ನೂ ಮಗನು ಅವಳ ತಾಯಿಯನ್ನೂ ವರಿಸಿದರೆ ಅವರ ಮಕ್ಕಳು ಪರಸ್ಪರ ಏನಾಗಬೇಕು? ಇಪ್ಪತ್ತನಾಲ್ಕನೆಯದಾದ ಈ ಪ್ರಶ್ನೆಗೆ ಅವನು ಮೌನದಿಂದ ನಡೆದನು. ಆ ಮೌನವೇ ಅವನನ್ನು ಕಾಯಿತು. ಪ್ರಸನ್ನನಾದ ವೇತಾಲನು ಭಿಕ್ಷುವಿನ ಕಪಟವನ್ನು ತಿಳಿಸಲು, ರಾಜನು ವಂಚಕನನ್ನು ಕೊಂದು ಬದುಕಿದನು. ಇಷ್ಟು ಹೊತ್ತೂ ಭಯಪಡಬೇಕಾದುದು ಹೆಣಕ್ಕಲ್ಲ, ಫಲವನ್ನು ಕೊಟ್ಟ ಕೈಗೆ ಎಂಬುದು ಕೊನೆಗೆ ತಿಳಿಯುತ್ತದೆ.

ಈ ಕಥೆಗಳನ್ನು ಓದುವ ಕಡೆ ಯಕ್ಷವೇತಾಲರಾಕ್ಷಸಾದಿಗಳ ಪ್ರಭಾವವು ನಡೆಯದೆಂದು ವೇತಾಲನೇ ವರವನ್ನಿತ್ತನು. ಹೆದರಿಸಲು ಹೊರಟ ಗ್ರಂಥದ ಫಲಶ್ರುತಿಯು ನಿರ್ಭಯತ್ವ. ಮನೆಯ ಹಿರಿಯರು ಮಕ್ಕಳಿಗೆ ಈ ಕಥೆಗಳನ್ನು ಹೇಳುವಾಗ ಶ್ಮಶಾನವನ್ನು ಬಿಡದೆ ಹೇಳಲಿ, ಪ್ರಶ್ನೆ ಬಂದಾಗ ತಾವು ಕೊಂಚ ಮೌನವಾಗಿರಲಿ ಎಂದು ಈ ವೃದ್ಧನ ವಿಜ್ಞಾಪನೆ. ಇತ್ಯಲಂ ವಿಸ್ತರೇಣ.