ಬಂದು ಹೋದವರು ಬರೆದಿಟ್ಟ ಬಳ್ಳಾರಿ

ಬಳ್ಳಾರಿ ಹೇಗೆ ಬೆಳೆಯಿತು? ಈ ಪ್ರಶ್ನೆಗೆ ಉತ್ತರ ಹುಡುಕಿ ಹೊರಟವರು ಕೊನೆಗೆ ಸರ್ಕಾರಿ ಕಾಗದಗಳ ಮುಂದೆ ಬಂದು ಕೂರಬೇಕಾಗುತ್ತದೆ. ಮೈಸೂರಿನ ನೆನಪು ಅರಮನೆಯ ಸುತ್ತ ಬೆಳೆದಿದೆ. ಧಾರವಾಡದ ನೆನಪನ್ನು ಅಲ್ಲಿನ ಸಾಹಿತಿಗಳು ಕಾಪಾಡಿಕೊಂಡು ಬಂದಿದ್ದಾರೆ. ಬಳ್ಳಾರಿಯ ಕಳೆದ ಇನ್ನೂರು ವರ್ಷಗಳ ನೆನಪು ಮಾತ್ರ ಬಹುಮಟ್ಟಿಗೆ ವರ್ಗವಾಗಿ ಬಂದು, ನಾಲ್ಕಾರು ವರ್ಷ ಇದ್ದು, ಮತ್ತೆ ವರ್ಗವಾಗಿ ಹೋದ ಅಧಿಕಾರಿಗಳ ಬರಹದಲ್ಲಿ ಉಳಿದಿದೆ.

ಕಂದಾಯ, ಜನಗಣತಿ, ಬರ ಪರಿಹಾರ ಎಂದು ತುಂಬಿರುವ ಈ ವರದಿಗಳು ಮೊದಲ ನೋಟಕ್ಕೆ ನೀರಸ. ಆದರೆ ಒಂದರ ಪಕ್ಕ ಒಂದನ್ನಿಟ್ಟು ಓದಿದರೆ ಬೇರೊಂದು ಚಿತ್ರ ಕಾಣುತ್ತದೆ. ಸುತ್ತಲಿನ ಸೀಮೆ ಬೆಳೆದಾಗಲೆಲ್ಲ ಬಳ್ಳಾರಿ ಬೆಳೆಯಿತು ಎನ್ನುವಂತಿಲ್ಲ. ಎಷ್ಟೋ ಬಾರಿ ಹಳ್ಳಿ ಕುಸಿದಾಗಲೂ ಪೇಟೆ ಬೆಳೆದಿದೆ. ಆದ್ದರಿಂದ ಬಳ್ಳಾರಿಯ ಕಥೆಯನ್ನು ಸಿರುಗುಪ್ಪ, ಕುರುಗೋಡಿನ ಕಥೆಯಿಂದ ಬಿಡಿಸಿ ಹೇಳಲು ಬರುವುದಿಲ್ಲ.

ಗುಡಾರದ ಕಲೆಕ್ಟರ್

1800ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ನಿಜಾಮ ತನ್ನ ಪಾಲಿಗೆ ಬಂದಿದ್ದ ದೊಡ್ಡ ಸೀಮೆಯೊಂದನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಬಳ್ಳಾರಿ, ಅನಂತಪುರ, ಕಡಪ ಪ್ರದೇಶಗಳು ಸೇರಿದ್ದ ಆ ಸೀಮೆಗೆ ದತ್ತ ಮಂಡಲ ಎಂಬ ಹೆಸರು ಬಂತು. ಅದರ ಪ್ರಧಾನ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ಆಗ ಅವನಿಗೆ 39 ವರ್ಷ. ಪಾಳೆಯಗಾರರ ಕಾದಾಟದಿಂದ ನುಗ್ಗಾಗಿದ್ದ ಸೀಮೆಯಲ್ಲಿ ಅವನು ಕಚೇರಿ ಕಟ್ಟಿಕೊಂಡು ಕೂರಲಿಲ್ಲ. ಊರಿಂದೂರಿಗೆ ಗುಡಾರ ಹೊತ್ತು ತಿರುಗಿದ. 1802ರಿಂದ ಹೊಲಗಳ ಅಳತೆ ನಡೆಯಿತು. ಜಮೀನ್ದಾರನ ಮಧ್ಯಸ್ಥಿಕೆ ಇಲ್ಲದೆ ಸರ್ಕಾರ ನೇರವಾಗಿ ರೈತನಿಂದಲೇ ಕಂದಾಯ ಪಡೆಯುವ ರೈತವಾರಿ ಪದ್ಧತಿ ಬೇರೂರಿದ ನೆಲಗಳಲ್ಲಿ ಇದೂ ಒಂದು.

ಮನ್ರೋನನ್ನು ಹೊಗಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ 1807ರಲ್ಲಿ ಹುದ್ದೆ ಬಿಡುವ ಹೊತ್ತಿಗೆ ಅವನು ಬರೆದ ಶಿಫಾರಸು ಇನ್ನೂ ಮುಖ್ಯವಾದುದು. ತಾನೇ ನಿಂತು ನಿಗದಿ ಮಾಡಿಸಿದ ಕಂದಾಯ ರೈತನಿಗೆ ಭಾರವಾಗಿದೆ, ಅದರಲ್ಲಿ ಶೇಕಡಾ 25ರಷ್ಟು ಕಡಿಮೆ ಮಾಡಬೇಕು ಎಂದು ಅವನು ಸರ್ಕಾರಕ್ಕೆ ತಿಳಿಸಿದ. ಬಾವಿ, ಕೆರೆ ನೀರಿನ ಜಮೀನಿಗೆ ಇನ್ನಷ್ಟು ರಿಯಾಯಿತಿ ಕೇಳಿದ. ಮೇಲಿನವರು ಆಗ ಒಪ್ಪಲಿಲ್ಲ. 1820ರಲ್ಲಿ ಅವನೇ ಮದ್ರಾಸಿನ ಗವರ್ನರ್ ಆಗಿ ಮರಳಿದ ಮೇಲಷ್ಟೇ ಆ ರಿಯಾಯಿತಿ ಜಾರಿಗೆ ಬಂತು. ನಡುವಿನ ಹದಿಮೂರು ವರ್ಷದ ಹೊರೆಯನ್ನು ಹೊತ್ತವರು ಹಳ್ಳಿಯ ಒಕ್ಕಲು ಮಕ್ಕಳು.

1827ರಲ್ಲಿ ಸೇವೆಯಿಂದ ಬಿಡುಗಡೆ ಕೇಳಿ, ಊರಿಗೆ ಮರಳುವ ಮೊದಲು ಹಳೆಯ ಸೀಮೆಯನ್ನು ಕೊನೆಯ ಬಾರಿ ನೋಡಿ ಬರಲು ಮನ್ರೋ ಹೊರಟ. ಆ ವರ್ಷ ದಾರಿಯುದ್ದಕ್ಕೂ ಕಾಲರಾ ಇತ್ತು. ಜುಲೈ 6ರಂದು ಇಂದಿನ ಕರ್ನೂಲು ಜಿಲ್ಲೆಯ ಪತ್ತಿಕೊಂಡದಲ್ಲಿ ಅವನು ಅದೇ ಬೇನೆಗೆ ಬಲಿಯಾದ. ಅವನ ನೆನಪಿಗೆ ಅಲ್ಲಿ ತೋಪು ಬೆಳೆಸಿ ಬಾವಿ ತೋಡಿಸಿದರು. ಮಳೆ ಕಡಿಮೆಯಾದ ಸೀಮೆಯಲ್ಲಿ ನೆರಳು, ನೀರಿಗಿಂತ ದೊಡ್ಡ ಸ್ಮಾರಕ ಇರಲಾರದು.

533 ಶಾಲೆಗಳು

ದತ್ತ ಮಂಡಲ 1808ರಲ್ಲಿ ಬಳ್ಳಾರಿ, ಕಡಪ ಎಂಬ ಎರಡು ಜಿಲ್ಲೆಗಳಾಗಿ ಒಡೆಯಿತು. ಹಂಡೆ ಅರಸರ ಕಾಲದಿಂದ ಕೋಟೆಯಿದ್ದ ಗುಡ್ಡದ ಕೆಳಗೆ ಕಂಪನಿಯ ದಂಡು ನೆಲೆಯೂರಿತು. ದಂಡಿಗೆ ಅಕ್ಕಿ ಬೇಳೆ, ಹುಲ್ಲು ಸೌದೆ, ಬಟ್ಟೆ ಬೇಕು. ಅದನ್ನು ಪೂರೈಸುವವರು ಸುತ್ತ ಬಂದು ಸೇರಿದರು. ಇಂದಿಗೂ ಜನರ ಬಾಯಲ್ಲಿರುವ ಕಂಟೋನ್ಮೆಂಟ್, ಕೌಲ್ ಬಜಾರ್, ಬ್ರೂಸ್‌ಪೇಟೆ ಎಂಬ ಹೆಸರುಗಳು ಆ ದಿನಗಳವು.

ಹೀಗೆ ಪೇಟೆ ಬೆಳೆಯುತ್ತಿದ್ದಾಗ ಜಿಲ್ಲೆಯ ಕಲೆಕ್ಟರ್ ಆಗಿದ್ದವನು ಎ.ಡಿ. ಕ್ಯಾಂಪ್‌ಬೆಲ್. ತೆಲುಗು ವ್ಯಾಕರಣ ಬರೆದಿದ್ದ ವಿದ್ವಾಂಸ. ಗವರ್ನರ್ ಮನ್ರೋ ಪ್ರತಿ ಜಿಲ್ಲೆಯ ಶಾಲೆಗಳ ವಿವರ ಕೇಳಿದಾಗ, 1823ರ ಆಗಸ್ಟ್‌ನಲ್ಲಿ ಕ್ಯಾಂಪ್‌ಬೆಲ್ ಕಳಿಸಿದ ಉತ್ತರ ಇಂದಿಗೂ ವಿದ್ವಾಂಸರ ಚರ್ಚೆಯಲ್ಲಿದೆ. ಗಾಂಧಿವಾದಿ ಇತಿಹಾಸಕಾರ ಧರಂಪಾಲ್ 1983ರಲ್ಲಿ ತಮ್ಮ ಗ್ರಂಥದಲ್ಲಿ ಅದನ್ನು ಮತ್ತೆ ಬೆಳಕಿಗೆ ತಂದರು.

ಆ ಲೆಕ್ಕದ ಪ್ರಕಾರ ಅಂದಿನ ದೊಡ್ಡ ಬಳ್ಳಾರಿ ಜಿಲ್ಲೆಯಲ್ಲಿ ಇದ್ದವರು 9,27,857 ಜನ. ಶಾಲೆಗಳು 533, ಕಲಿಯುವವರು 6,641. ಅವರಲ್ಲಿ ಹೆಣ್ಣುಮಕ್ಕಳು 60 ಮಾತ್ರ. ಕನ್ನಡದ ಶಾಲೆಗಳು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು ಒಂದೇ ಒಂದು. ವೇದ, ತರ್ಕ, ಜ್ಯೋತಿಷ ಕಲಿಸುವ ಸಂಸ್ಕೃತದ 23 ಸ್ಥಳಗಳು ಬೇರೆ. ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿಯುತ್ತಿದ್ದುದನ್ನೂ, ದೊಡ್ಡ ಹುಡುಗರು ಚಿಕ್ಕವರಿಗೆ ಪಾಠ ಹೇಳುತ್ತಿದ್ದುದನ್ನೂ ಕ್ಯಾಂಪ್‌ಬೆಲ್ ಮೆಚ್ಚುಗೆಯಿಂದ ಬರೆದಿದ್ದಾನೆ.

ಅವನ ವರದಿಯ ತೂಕ ಇರುವುದು ಮುಂದಿನ ಮಾತಿನಲ್ಲಿ. ಮೊದಲು ಶಾಲೆ ಇದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಇಲ್ಲ ಎನ್ನುತ್ತಾನೆ. ಕಾರಣವನ್ನೂ ಮುಚ್ಚಿಡುವುದಿಲ್ಲ. ವಿಲಾಯತಿ ಬಟ್ಟೆ ಬಂದು ನೇಕಾರರ ಕೈ ಬರಿದಾಗಿದೆ, ದೇಶದ ಹಣ ದೇಶದಲ್ಲಿ ಉಳಿಯುತ್ತಿಲ್ಲ, ಮಗನನ್ನು ಶಾಲೆಗೆ ಕಳಿಸುವ ಬದಲು ದುಡಿಮೆಗೆ ಹಚ್ಚುವುದು ಬಡವನಿಗೆ ಅನಿವಾರ್ಯವಾಗಿದೆ ಎಂಬುದು ಅವನ ವಾದದ ಸಾರ. ಈ ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ ಎಂದೂ ಬರೆದ. ದಂಡಿನ ಪೇಟೆ ಮೇಲೇಳುತ್ತಿದ್ದ ಕಾಲದಲ್ಲೇ ಹಳ್ಳಿಯ ಮಗ್ಗ, ಹಳ್ಳಿಯ ಶಾಲೆ ಎರಡೂ ಸೊರಗುತ್ತಿದ್ದವು ಎಂಬುದಕ್ಕೆ ಆಳುವವರ ಕಡೆಯ ಸಾಕ್ಷಿಯೇ ಸಿಕ್ಕಂತಾಯಿತು.

ಬರ ಬಂತು, ಪೇಟೆ ಬೆಳೆಯಿತು

1860ರ ದಶಕದಲ್ಲಿ ಬಳ್ಳಾರಿಗೆ ಪುರಸಭೆ ಬಂತು. ಗುಂತಕಲ್ಲಿನ ಕಡೆಯಿಂದ ರೈಲೂ ಬಂತು. ಜಾನ್ ಕೆಲ್ಸಾಲ್ ಎಂಬ ಅಧಿಕಾರಿ 1872ರಲ್ಲಿ ಜಿಲ್ಲೆಯ ಕೈಪಿಡಿ ಹೊರತಂದ. ಅದು ಹೊರಬಂದ ನಾಲ್ಕೇ ವರ್ಷಕ್ಕೆ, 1876ರಲ್ಲಿ, ಮಹಾ ಬರ ಕಾಲಿಟ್ಟಿತು.

ಎರಡು ವರ್ಷ ನಡೆದ ಆ ಬರದ ಲೆಕ್ಕ ಜನಗಣತಿಯಲ್ಲಿದೆ. 1882ರಲ್ಲಿ ಬೇರೆ ಜಿಲ್ಲೆಯಾದ ಅನಂತಪುರವನ್ನು ಬಿಟ್ಟು ನೋಡಿದರೆ, 1871ರಲ್ಲಿ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಸುಮಾರು 9 ಲಕ್ಷ 11 ಸಾವಿರ. 1881ಕ್ಕೆ ಅದು 7 ಲಕ್ಷ 36 ಸಾವಿರಕ್ಕೆ ಇಳಿಯಿತು. ಐದರಲ್ಲಿ ಒಂದು ಪಾಲು ಜನ ಸತ್ತೋ ಗುಳೆ ಹೋಗಿಯೋ ಕಾಣೆಯಾಗಿದ್ದರು. ಅದೇ ಹತ್ತು ವರ್ಷದಲ್ಲಿ ಬಳ್ಳಾರಿ ಪಟ್ಟಣದ ಜನಸಂಖ್ಯೆ ಮಾತ್ರ 51 ಸಾವಿರ ಚಿಲ್ಲರೆಯಿಂದ 53 ಸಾವಿರ ಚಿಲ್ಲರೆಗೆ ಏರಿತು.

ಪಟ್ಟಣ ಬೆಳೆಯಿತು ಎಂದು ಹೇಳುವ ಸಾಲು ಎಷ್ಟು ಸರಳ! ಆದರೆ ಜಿಲ್ಲೆಯ ಅಂಕಿಯ ಪಕ್ಕದಲ್ಲಿಟ್ಟು ಓದಿದಾಗ ಅದರ ಅರ್ಥವೇ ಬದಲಾಗುತ್ತದೆ. ಹೊಟ್ಟೆಪಾಡು ಹುಡುಕಿಕೊಂಡು ಬಂದವನಿಗೂ, ವ್ಯಾಪಾರಕ್ಕೆಂದು ಬಂದವನಿಗೂ ಜನಗಣತಿ ಒಂದೇ ಮನೆಯಲ್ಲಿ ಗುರುತು ಹಾಕುತ್ತದೆ. ಯಾರು ಯಾವ ಊರಿನಿಂದ, ಏನನ್ನು ಬಿಟ್ಟು ಬಂದರು ಎಂಬುದು ಅಲ್ಲಿ ದಾಖಲಾಗುವುದಿಲ್ಲ.

ಅಂಥ ದಿನಗಳಲ್ಲಿ ಸಿರುಗುಪ್ಪ ಸ್ವಲ್ಪ ಬೇರೆ. ಅಲ್ಲಿ ತುಂಗಭದ್ರೆಯ ದಡದ ಹೊಲಗಳಿಗೆ ವಿಜಯನಗರದ ಕಾಲದ ಸಿರುಗುಪ್ಪ, ದೇಶನೂರು ಕಾಲುವೆಗಳ ಆಸರೆ ಇತ್ತು. ನದಿಯಿಂದ ದೂರ ಸರಿದರೆ ಎರೆ ಭೂಮಿ. ಹತ್ತಿ, ಜೋಳ, ಮತ್ತು ಮೋಡದ ದಾರಿ ಕಾಯುವ ಬದುಕು. 12ನೆಯ ಶತಮಾನದಲ್ಲಿ ಸಿಂದ ಅರಸರ ನೆಲೆಯಾಗಿದ್ದ, ದೊಡ್ಡಬಸವೇಶ್ವರನ ಊರೆಂದು ಹೆಸರಾದ ಕುರುಗೋಡಿನ ಸುತ್ತಲಿನ ಬಯಲೂ ಮಳೆ ತಪ್ಪಿದರೆ ಬರಿದಾಗುತ್ತಿತ್ತು. ಹಳೆಯ ರಾಜಧಾನಿಯಾದರೂ ದಂಡು, ಕಚೇರಿ, ರೈಲು ಬಳ್ಳಾರಿಗೆ ಬಂದ ಮೇಲೆ ಅದು ಪೇಟೆಯ ನೆರಳಿನ ಊರಾಯಿತು.

ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದ ರಾಬರ್ಟ್ ಸಿವೆಲ್ 1894ರಲ್ಲಿ ನಿವೃತ್ತನಾದ. ಅವನು 1900ರಲ್ಲಿ ಪ್ರಕಟಿಸಿದ ಪುಸ್ತಕ ಜಗತ್ತಿಗೆ ವಿಜಯನಗರವನ್ನು ಮತ್ತೆ ನೆನಪಿಸಿತು. ಪೇಯಸ್, ನೂನಿಜ್ ಎಂಬ ಪೋರ್ಚುಗೀಸರ ಬರಹಗಳು ಇಂಗ್ಲಿಷಿಗೆ ಬಂದದ್ದು ಅವನ ದುಡಿಮೆಯಿಂದ. ಆ ಉಪಕಾರ ದೊಡ್ಡದು. ಆದರೂ ಬಳ್ಳಾರಿಯಲ್ಲಿ ಅಧಿಕಾರ ನಡೆಸಿದ ಕಲೆಕ್ಟರನ ಹೆಸರನ್ನು ಉಳಿಸಿದ ಪುಸ್ತಕ ಹಾಳುಬಿದ್ದ ನಗರದ್ದು. ಕಣ್ಣೆದುರಿನ ಪೇಟೆ ಡಬ್ಲ್ಯೂ. ಫ್ರಾನ್ಸಿಸ್‌ನ 1904ರ ಗೆಜೆಟಿಯರಿಗೆ ಕಾದಿತ್ತು. 1901ರ ಗಣತಿಯಲ್ಲಿ ಆ ಪೇಟೆಯ ಜನ 58 ಸಾವಿರ.

ಭಾಷೆಯ ಲೆಕ್ಕ, ನೀರಿನ ಲೆಕ್ಕ

ಈ ಕಾಗದಗಳು ಬರೀ ನೆನಪಾಗಿ ಉಳಿಯಲಿಲ್ಲ. ಒಂದು ಹಂತದಲ್ಲಿ ಊರಿನ ಹಣೆಬರಹವನ್ನೇ ನಿರ್ಧರಿಸಿದವು. 1953ರಲ್ಲಿ ಆಂಧ್ರ ರಾಜ್ಯ ರಚನೆಯಾಗುವಾಗ ಮದ್ರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆಯನ್ನು ಹಂಚಬೇಕಾಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲ್ಲೂಕಿನ ವಿಷಯ ಮಾತ್ರ ಕಗ್ಗಂಟಾಯಿತು. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳಿಬರುವ ಊರಿದು. ಕೋಲಾಚಲಂ ಶ್ರೀನಿವಾಸರಾಯರು ತೆಲುಗು ನಾಟಕಗಳನ್ನು ಬರೆದದ್ದು ಇಲ್ಲಿ. ನಟ ಬಳ್ಳಾರಿ ರಾಘವ ಎರಡೂ ಭಾಷೆಯ ರಂಗಭೂಮಿಗೆ ಸಲ್ಲುವವರು. 1823ರಲ್ಲೇ ಕನ್ನಡದ ಶಾಲೆಗಳಿಗೂ ತೆಲುಗಿನ ಶಾಲೆಗಳಿಗೂ ಇದ್ದ ಅಂತರ ಒಂಬತ್ತು ಮಾತ್ರ ಎಂಬುದನ್ನು ಇಲ್ಲಿ ನೆನೆಯಬಹುದು.

ಹೈದರಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ವಿಚಾರಣೆ ನಡೆಸಿ, ತಾಲ್ಲೂಕು ಮೈಸೂರಿಗೆ ಸೇರಬೇಕೆಂದರು. ಅಕ್ಟೋಬರ್ 1ರಂದು ವಿಲೀನವಾಯಿತು. ಹಿಂದಿನ ರಾತ್ರಿ ವಿಜಯೋತ್ಸವದ ಮಂಟಪ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ದುಷ್ಕರ್ಮಿಗಳ ದಾಳಿಗೆ ತುತ್ತಾಗಿ ಪ್ರಾಣ ತೆತ್ತರು. ಗಣತಿಯ ಹಾಳೆಯಲ್ಲಿ ಮಾತೃಭಾಷೆಯ ಕಾಲಂ ತುಂಬಿದಷ್ಟು ಸುಲಭವಾಗಿ ಈ ಊರು ಕರ್ನಾಟಕದ್ದಾಗಲಿಲ್ಲ.

ಎರಡೇ ವರ್ಷಕ್ಕೆ ಪ್ರಶ್ನೆ ಮತ್ತೆ ಎದ್ದಿತು. 1955ರಲ್ಲಿ ಫಜಲ್ ಅಲಿ ನೇತೃತ್ವದ ರಾಜ್ಯ ಪುನರ್ವಿಂಗಡಣಾ ಆಯೋಗ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದಿತು. ಅದರ ವಾದದಲ್ಲಿ ಭಾಷೆಗಿಂತ ತುಂಗಭದ್ರಾ ಯೋಜನೆಗೆ ಹೆಚ್ಚು ತೂಕವಿತ್ತು. ಕೇಂದ್ರ ಸರ್ಕಾರ ಆ ಶಿಫಾರಸನ್ನು ಒಪ್ಪಲಿಲ್ಲ. ಒಪ್ಪಿದ್ದರೆ ಸಿರುಗುಪ್ಪದ ಮಕ್ಕಳು ಇಂದು ಬೇರೆ ಪಠ್ಯಪುಸ್ತಕ ಓದುತ್ತಿದ್ದರು.

ಕಾಲುವೆ ಬಂದ ಮೇಲೆ

1945ರ ಫೆಬ್ರುವರಿ 28ರಂದು ಅಡಿಗಲ್ಲು ಕಂಡ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಅದಕ್ಕಾಗಿ ಸುಮಾರು 90 ಹಳ್ಳಿಗಳ 50 ಸಾವಿರಕ್ಕೂ ಹೆಚ್ಚು ಜನ ನೆಲೆ ಬಿಟ್ಟಿದ್ದರು. ಬಲದಂಡೆ ಕೆಳಮಟ್ಟದ ಕಾಲುವೆ ಕುರುಗೋಡು, ಸಿರುಗುಪ್ಪ ಸೀಮೆಯ ಎರೆ ಹೊಲಗಳನ್ನು ಗದ್ದೆ ಮಾಡಿತು. ಜೋಳದ ಸೀಮೆ ಭತ್ತದ ಸೀಮೆಯಾಯಿತು. ನೀರಾವರಿಯ ಕೃಷಿ ಬಲ್ಲ ಕರಾವಳಿ ಆಂಧ್ರದ ರೈತರು ಬಂದು ಭೂಮಿ ಕೊಂಡರು. ಅವರು ನೆಲೆ ನಿಂತ ಕ್ಯಾಂಪುಗಳು ಇಂದಿಗೂ ಅದೇ ಹೆಸರಿನಿಂದಿವೆ. ಮೇಲ್ಮಟ್ಟದ ಕಾಲುವೆಯ ನೀರು ಅಲ್ಲೀಪುರದ ಕೆರೆ ತುಂಬಿ ಬಳ್ಳಾರಿ ನಗರದ ಬಾಯಾರಿಕೆ ತಣಿಸಿತು.

ನಂತರದ ಬೆಳವಣಿಗೆ ವೇಗದ್ದು. 1961ರಲ್ಲಿ ವೈದ್ಯಕೀಯ ಕಾಲೇಜು ಬಂತು. ಹತ್ತಿಯ ಪೇಟೆ ಜೀನ್ಸ್ ಹೊಲಿಯುವ ಪೇಟೆಯೂ ಆಯಿತು. ಈ ಶತಮಾನದ ಮೊದಲ ದಶಕದಲ್ಲಿ ಸಂಡೂರು, ಹೊಸಪೇಟೆಯ ಕಬ್ಬಿಣದ ಅದಿರಿನ ಹಣ ನಗರದ ಚಹರೆ ಬದಲಿಸಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಅದೇ ವೇಗದಲ್ಲಿ ಪೇಟೆ ತಣ್ಣಗಾಯಿತು. ಆ ವರ್ಷದ ಗಣತಿಯಲ್ಲಿ ನಗರದ ಜನಸಂಖ್ಯೆ 4 ಲಕ್ಷ ದಾಟಿತ್ತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಬಳ್ಳಾರಿ ಜಿಲ್ಲೆ ಇನ್ನಷ್ಟು ಚಿಕ್ಕದಾಯಿತು. ಕುರುಗೋಡು ಈಗ ತಾನೇ ಒಂದು ತಾಲ್ಲೂಕು ಕೇಂದ್ರ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಸಿರುಗುಪ್ಪದ ಗದ್ದೆಗೂ ಬಳ್ಳಾರಿಯ ನಲ್ಲಿಗೂ ಒಂದೇ ಆತಂಕ ಕಾಡಿತು. ನಗರ ತನ್ನಷ್ಟಕ್ಕೆ ತಾನು ಬೆಳೆಯುವುದಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಇಂದಿನ ಅಧಿಕಾರಿಗಳೂ ವರದಿ ಬರೆಯುತ್ತಾರೆ, ವರ್ಗವಾಗುತ್ತಾರೆ, ನಿವೃತ್ತರಾಗುತ್ತಾರೆ. ನಗರ ಎಷ್ಟು ಬೆಳೆಯಿತು ಎಂಬ ಅಂಕಿ ಮುಂದೆಯೂ ಸಿಗುತ್ತದೆ. ಅದು ಬೆಳೆದಾಗ ಸುತ್ತಲಿನ ಹಳ್ಳಿಗಳಲ್ಲಿ ಏನಾಗುತ್ತಿತ್ತು ಎಂಬುದನ್ನು ಕ್ಯಾಂಪ್‌ಬೆಲ್ ಮಾಡಿದಂತೆ ಒಂದು ಪುಟದಲ್ಲಾದರೂ ಬರೆದಿಡುವವರು ಬೇಕು. ನೂರು ವರ್ಷದ ನಂತರ ಬಳ್ಳಾರಿಯ ಚರಿತ್ರೆ ಹುಡುಕುವವರಿಗೆ ಆ ಪುಟವೇ ಹೆಚ್ಚು ಉಪಯೋಗಕ್ಕೆ ಬಂದೀತು.